ನೀಲಿ ನರಿಗೊಂದು ಬ್ಲೇಜರ್

ಅಕ್ಕನ ಮಗನ ಹೆಸರನ್ನು ಕೊರಳಿಗೆ ನೇತುಹಾಕಿಕೊಂಡು ಒಂದು ಶನಿವಾರ ಬೆಳಗಿನಿಂದ ಸಂಜೆಯವರೆಗೆ ನಾನು ಆತ್ಮವಿಶ್ವಾಸ ಕಲಿತೆ.

ಆದದ್ದಿಷ್ಟು. ಹುಡುಗ ಎಂಜಿನಿಯರಿಂಗ್ ಮುಗಿಸಿ ವರ್ಷ ಕಳೆದಿತ್ತು. ಬರೆಯುವ ಪರೀಕ್ಷೆಗಳನ್ನೆಲ್ಲ ಪಾಸು ಮಾಡುತ್ತಿದ್ದ, ಎದುರು ಕೂತು ಮಾತಾಡುವಲ್ಲಿ ಜಾರುತ್ತಿದ್ದ. ಹೋದಲ್ಲೆಲ್ಲ ಒಂದೇ ಷರಾ: ‘ಕಾನ್ಫಿಡೆನ್ಸ್ ಸಾಲದು.’ ಕಬ್ಬಿಣಾಂಶ ಸಾಲದು ಅಂದರೆ ಮಾತ್ರೆ ನುಂಗಬಹುದು, ಇದಕ್ಕೇನು ಮಾಡುವುದು? ಯಾರೋ ದಾರಿ ತೋರಿಸಿದರು. ಮೂರು ಸಾವಿರ ರೂಪಾಯಿ ಕಟ್ಟಿ ಒಂದು ದಿನದ ಭಾಷಣಕಲೆಯ ಶಿಬಿರಕ್ಕೆ ಹೆಸರು ಬರೆಸಿದ. ಅದೇ ದಿನಕ್ಕೆ ಇನ್ನೊಂದು ಕಂಪನಿಯಿಂದ ಸಂದರ್ಶನದ ಕರೆ ಬಂತು. ಕಟ್ಟಿದ ದುಡ್ಡು ವಾಪಸು ಬರುವಂಥದ್ದಲ್ಲ. ‘ಮೂರು ಸಾವಿರ ದಂಡ ಆಗೋದು ಬೇಡ ಕಣೋ, ನೀನೇ ಹೋಗಿ ಕೂತ್ಕೊಂಡು ಬಾ, ಊಟಾನೂ ಇದೆಯಂತೆ’ ಎಂದು ಅಕ್ಕ ಫೋನು ಮಾಡಿದಳು. ಮದುವೆಗೆ ಮನೆಗೊಬ್ಬರು ಹೋಗಿ ಮುಯ್ಯಿ ಒಪ್ಪಿಸಿ ಬರುವುದಿಲ್ಲವೇ, ಹಾಗೆ ಮನೆತನದ ಪರವಾಗಿ ನಾನು ಹೊರಟೆ.

ಬಾಗಿಲಲ್ಲಿ ಪಟ್ಟಿ ಹಿಡಿದು ಕೂತಿದ್ದ ಹುಡುಗಿ ಅಳಿಯನ ಹೆಸರಿನ ಮುಂದೆ ಗುರುತು ಹಾಕಿ, ಅವನ ಬಿಲ್ಲೆಯನ್ನು ನನ್ನ ಕೈಗಿತ್ತಳು. ಪಟ್ಟಿಯಲ್ಲಿ ವಯಸ್ಸು 23 ಎಂದಿತ್ತು. ನನ್ನ ನೆತ್ತಿಯ ಕೂದಲು ಖಾಲಿಯಾಗಿ, ಉಳಿದದ್ದು ಬೆಳ್ಳಗಾಗಿ ಕಾಲವಾಗಿದೆ. ಆದರೂ ಅವಳು ‘ವೆಲ್‌ಕಮ್ ಸರ್’ ಅಂದಳೇ ಹೊರತು ಬೇರೇನೂ ಕೇಳಲಿಲ್ಲ. ಬಿಲ್ಲೆ ಇದ್ದಮೇಲೆ ಮುಖ ಯಾರಿಗೆ ಬೇಕು?

ಒಂಬತ್ತೂವರೆಗೆ ಗುರುಗಳು ಪ್ರವೇಶಿಸಿದರು. ಕಡುನೀಲಿ ಬ್ಲೇಜರ್, ಕನ್ನಡಿಯಂಥ ಬೂಟು. ಮೈಕು ಕಿವಿಯಿಂದ ಕೆನ್ನೆಗೆ ಬಾಗಿತ್ತು, ಹಾಗಾಗಿ ಆಡಿಸಲಿಕ್ಕೆ ಎರಡೂ ಕೈ ಖಾಲಿ. ಬಂದವರೇ, ‘ಒಬ್ಬ ಮನುಷ್ಯ ಬಾಗಿಲು ತೆಗೆದು ಒಳಗೆ ಬಂದರೆ ಸಾಕು, ಏಳು ಸೆಕೆಂಡಿನಲ್ಲಿ ನಾನು ಅವನ ಪೂರ್ತಿ ಜಾತಕ ಹೇಳಬಲ್ಲೆ’ ಎಂದರು. ಆಮೇಲೆ ಮೆಟ್ಟಿಲಿಳಿದು ನೆಟ್ಟಗೆ ನನ್ನ ಹತ್ತಿರ ಬಂದು, ಬಿಲ್ಲೆ ಓದಿ, ಅಳಿಯನ ಹೆಸರು ಹಿಡಿದು ಕರೆದು, ಭುಜದ ಮೇಲೆ ಕೈಯಿಟ್ಟು ಕೇಳಿದರು: ‘ನೀವು ಫ್ರೆಶರ್ ಅಲ್ವಾ?’ ಅವರ ಕಣ್ಣು ನನ್ನ ಕಣ್ಣಿನೊಳಗೇ ನೆಟ್ಟಿತ್ತು. ಕಣ್ಣಲ್ಲಿ ಕಣ್ಣಿಡುವುದನ್ನು ಅಭ್ಯಾಸ ಮಾಡಿಕೊಂಡವರಿಗೆ ಎದುರಿನವನ ಬೋಳುತಲೆ ಕಾಣುವುದಿಲ್ಲ ಎಂದು ಆಗ ಗೊತ್ತಾಯಿತು. ‘ಹೌದು ಸರ್’ ಎಂದೆ. ಇಡೀ ದಿನ ನಾನು ಫ್ರೆಶರ್ ಆಗಿಯೇ ಉಳಿದೆ.

ಮೊದಲ ಸ್ಲೈಡಿನಲ್ಲೊಂದು ಬಣ್ಣದ ಚಕ್ರ. ಮಾತಿನ ಪರಿಣಾಮದಲ್ಲಿ ಶೇಕಡಾ 55 ದೇಹಭಾಷೆಯದು, 38 ದನಿಯದು, ಪದಗಳ ಪಾಲು ಬರೇ 7. ಬರೆದು ಹೊಟ್ಟೆ ಹೊರೆಯುವ ನನಗೆ ಎದೆ ಧಸಕ್ಕೆಂದಿತು. ಈ ಲೆಕ್ಕ ನಿಜವಾದರೆ ನನ್ನ ಓದುಗರಿಗೆ ಇಷ್ಟು ವರ್ಷ ತಲುಪಿದ್ದು ನೂರಕ್ಕೆ ಏಳು, ಉಳಿದ ತೊಂಬತ್ತಮೂರು ಮುದ್ರಣಾಲಯದಲ್ಲೇ ಬಿದ್ದಿದೆ. ಕನ್ನಡ ಲೇಖಕರಿಗೆ ಬರುವ ಗೌರವಧನದ ಹಿಂದೆಯೂ ಇದೇ ವಿಜ್ಞಾನ ಕೆಲಸ ಮಾಡುತ್ತಿರಬೇಕು ಎಂದುಕೊಂಡು ಸಮಾಧಾನ ತಂದುಕೊಂಡೆ.

ಲೆಕ್ಕ ಗಾಳಿಯಲ್ಲಿ ಹುಟ್ಟಿದ್ದೇನೂ ಅಲ್ಲ. 1967ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು ಎರಡು ಸಣ್ಣ ಪ್ರಯೋಗಗಳನ್ನು ಪ್ರಕಟಿಸಿದರು. ಬಿಡಿಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಹೇಳಿಸುವುದು (ಒಂದರಲ್ಲಂತೂ ‘ಬಹುಶಃ’ ಎಂಬುದೊಂದೇ ಪದ), ಜೊತೆಗೆ ಬೇರೆ ಬೇರೆ ಮುಖಭಾವದ ಫೋಟೊ ತೋರಿಸುವುದು, ಆಮೇಲೆ ಈ ವ್ಯಕ್ತಿಗೆ ಎದುರಿನವರ ಮೇಲಿರುವುದು ಅಕ್ಕರೆಯೋ ಅಸಡ್ಡೆಯೋ ಎಂದು ಕೇಳುವುದು. ಬಾಯಿ ಒಂದು ಹೇಳಿ ಮುಖ ಇನ್ನೊಂದು ಹೇಳಿದರೆ ಜನ ಮುಖವನ್ನು ನಂಬುತ್ತಾರೆ ಎಂಬುದು ಉತ್ತರ. ಇಷ್ಟು ತಿಳಿಯಲಿಕ್ಕೆ ಕ್ಯಾಲಿಫೋರ್ನಿಯಾ ಬೇಕಿರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಹೇಳದೆ ಕೇಳದೆ ನೆಂಟರ ಮನೆಗೆ ಹೋಗಿ, ‘ಊಟ ಮಾಡ್ಕೊಂಡೇ ಹೋಗ್ಬೇಕು’ ಎಂಬ ಮಾತು ಕೇಳಿಸಿಕೊಂಡವರಿಗೆಲ್ಲ ಗೊತ್ತು: ಅದರಲ್ಲಿ ಪದದ ಪಾಲು ಏಳು, ಮಿಕ್ಕ ತೊಂಬತ್ತಮೂರು ಆ ಮನೆಯೊಡತಿಯ ಹುಬ್ಬಿನಲ್ಲಿ. ಆದರೆ ಮೆಜೆಸ್ಟಿಕ್ಕಿನಲ್ಲಿ ತುಮಕೂರಿನ ಬಸ್ಸು ಯಾವ ಅಂಕಣದಲ್ಲಿ ನಿಲ್ಲುತ್ತದೆ ಎಂದು ಕೇಳಿದಾಗ ಕಂಡಕ್ಟರನ ಹುಬ್ಬು ನೋಡಿ ಹತ್ತಿದರೆ ಇಳಿಯುವುದು ತಮಿಳುನಾಡಿನಲ್ಲಿ. ಭಾವನೆಯ ಮಾತಿಗೆ ಮಾತ್ರ ಈ ಲೆಕ್ಕ, ಎಲ್ಲ ಮಾತುಕತೆಗೂ ಹೊಂದಿಸಬೇಡಿ ಎಂದು ಮೆಹ್ರಾಬಿಯನ್ನರೇ ಸ್ಪಷ್ಟಪಡಿಸಿದ್ದಾರೆ. ಏನು ಮಾಡುವುದು, ಅವರು ಸ್ಪಷ್ಟಪಡಿಸಿದ್ದು ಪದಗಳಲ್ಲಿ. ಶೇಕಡಾ 7 ತಲುಪಿರಬೇಕು.

ಹನ್ನೊಂದು ಗಂಟೆಗೆ ನಮ್ಮನ್ನೆಲ್ಲ ಎಬ್ಬಿಸಿ, ಕಾಲು ಅಗಲಿಸಿ, ಎರಡೂ ಕೈ ಸೊಂಟದ ಮೇಲಿಡಿಸಿ ನಿಲ್ಲಿಸಿದರು. ಎರಡು ನಿಮಿಷ ಹೀಗೆ ನಿಂತರೆ ರಕ್ತದಲ್ಲಿ ಧೈರ್ಯದ ಹಾರ್ಮೋನು ಏರುತ್ತದಂತೆ, ಸಂದರ್ಶನಕ್ಕೆ ಮುಂಚೆ ಬಾತ್‌ರೂಮಿನಲ್ಲಿ ಮಾಡಿಕೊಳ್ಳಬೇಕಂತೆ. ಪಕ್ಕದಲ್ಲಿದ್ದ ಹುಡುಗನ ಮೊಣಕೈ ನನ್ನ ಪಕ್ಕೆಗೆ ತಿವಿಯುತ್ತಿತ್ತು. ಅವನ ಧೈರ್ಯ ಏರಿದ್ದು ನನಗೆ ಗೊತ್ತಾಯಿತು. ಇದರ ಕತೆಯೂ ಸ್ವಾರಸ್ಯವಾಗಿದೆ. 2010ರಲ್ಲಿ 42 ಜನರನ್ನಿಟ್ಟುಕೊಂಡು ಅಮೆರಿಕದಲ್ಲಿ ನಡೆದ ಅಧ್ಯಯನವಿದು. ನಡೆಸಿದ ಮೂವರಲ್ಲಿ ಒಬ್ಬರಾದ ಏಮಿ ಕಡಿ 2012ರಲ್ಲಿ ಟೆಡ್ ವೇದಿಕೆಯಲ್ಲಿ ಇದನ್ನು ಹೇಳಿದರು, ಜಗತ್ತು ಸೊಂಟದ ಮೇಲೆ ಕೈಯಿಟ್ಟಿತು. 2015ರಲ್ಲಿ ಬೇರೆಯವರು 200 ಜನರ ಮೇಲೆ ಮತ್ತೆ ಮಾಡಿ ನೋಡಿದರೆ ಹಾರ್ಮೋನು ಕದಲಲಿಲ್ಲ. 2016ರಲ್ಲಿ ಮೂಲ ಅಧ್ಯಯನದ ಮೊದಲ ಲೇಖಕಿ ಡೇನಾ ಕಾರ್ನಿ, ಈ ಪರಿಣಾಮ ನಿಜವೆಂದು ತನಗೆ ನಂಬಿಕೆಯಿಲ್ಲವೆಂದು ಬಹಿರಂಗವಾಗಿ ಬರೆದುಬಿಟ್ಟರು. ವಿಶ್ವಾಸದ ಶಾಸ್ತ್ರದಲ್ಲಿ ಶಾಸ್ತ್ರ ಬರೆದವರಿಗೇ ವಿಶ್ವಾಸ ಹೋಯಿತು. ಶಿಬಿರ ನಡೆಸುವವರಿಗೆ ಹೋಗಿಲ್ಲ.

ಸೊಂಟದ ಮೇಲೆ ಕೈಯಿಟ್ಟವರಲ್ಲಿ ನಮಗೆ ಹಳೆಯ ಪರಿಚಯದವನು ಪಂಢರಾಪುರದ ವಿಠಲ. ಅವನದೇನೂ ಪವರ್ ಪೋಸ್ ಅಲ್ಲ. ಭಕ್ತ ಪುಂಡಲೀಕ ಅಪ್ಪ ಅಮ್ಮನ ಕಾಲೊತ್ತುತ್ತ, ‘ಸ್ವಲ್ಪ ತಡಿ’ ಎಂದು ಇಟ್ಟಿಗೆ ಎಸೆದನಂತೆ. ದೇವರು ಅದರ ಮೇಲೆ ನಿಂತು ಇನ್ನೂ ಕಾಯುತ್ತಿದ್ದಾನೆ. ತಾಲ್ಲೂಕು ಕಚೇರಿಯ ಕಾರಿಡಾರಿನಲ್ಲಿ ದಿನವೂ ಕಾಣುವ ಭಂಗಿ ಅದು. ಇನ್ನು ನಮ್ಮ ಶ್ರವಣಬೆಳಗೊಳದ ಗೊಮ್ಮಟ. ಸುಮಾರು 57 ಅಡಿ ಎತ್ತರ, ಇಳಿಬಿಟ್ಟ ತೋಳು, ಅರೆಮುಚ್ಚಿದ ಕಣ್ಣು. ಬ್ಲೇಜರ್ ಹೋಗಲಿ, ದಾರದ ಎಳೆಯೂ ಮೈಮೇಲಿಲ್ಲ. ಮಾತಂತೂ ಆಡಿದ್ದೇ ಇಲ್ಲ. ಸಾವಿರ ವರ್ಷದಿಂದ ಮೆಟ್ಟಿಲು ಹತ್ತಿ ಬಂದವರ ಬಾಯಿ ಮಾತ್ರ ತಾನಾಗಿ ಕಟ್ಟಿಹೋಗುತ್ತಿದೆ. ಫಸ್ಟ್ ಇಂಪ್ರೆಷನ್ ಎಂದರೆ ಅದು.

ಗುರುಗಳ ಮಾತು ಏರುತ್ತ ಹೋಯಿತು. ‘ನಿಮ್ಮೊಳಗಿನ ಶಕ್ತಿಯ ಪ್ಯಾರಡೈಮನ್ನು ಅನ್‌ಲಾಕ್ ಮಾಡಿ, ಅದರ ಎನರ್ಜಿಯನ್ನು ವಿಷನ್‌ಗೆ ಅಲೈನ್ ಮಾಡಿ.’ ನನ್ನ ಎದುರಿನ ಸಾಲಿನವರೆಲ್ಲ ತಲೆದೂಗಿ ಬರೆದುಕೊಂಡರು. ನಾನೂ ಬರೆದುಕೊಂಡೆ. ಮನೆಗೆ ಬಂದು ಓದಿದರೆ ಕ್ರಿಯಾಪದಗಳು ಮಾತ್ರ ಅರ್ಥವಾದವು. ಆಗ ಡಾಕ್ಟರ್ ಫಾಕ್ಸ್ ನೆನಪಾದರು.

1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯದ ಅಧ್ಯಾಪಕರು ಸೇರಿದ್ದ ಒಂದು ಸಭೆಗೆ ಡಾಕ್ಟರ್ ಮೈರನ್ ಎಲ್. ಫಾಕ್ಸ್ ಎಂಬ ಪಂಡಿತರನ್ನು ಕರೆತಂದರು. ಗಣಿತವನ್ನು ಮನುಷ್ಯ ನಡವಳಿಕೆಗೆ ಅನ್ವಯಿಸುವುದರಲ್ಲಿ ಇವರದು ಎತ್ತಿದ ಕೈ ಎಂದು ಪರಿಚಯಿಸಿದರು. ವಿಷಯ: ವೈದ್ಯ ಶಿಕ್ಷಣದಲ್ಲಿ ಗಣಿತದ ಗೇಮ್ ಥಿಯರಿ. ಡಾಕ್ಟರು ಒಂದು ಗಂಟೆ ಮಾತಾಡಿದರು, ಅರ್ಧ ಗಂಟೆ ಪ್ರಶ್ನೆಗಳಿಗೆ ಉತ್ತರಿಸಿದರು, ನಡುನಡುವೆ ನಗಿಸಿದರು. ಎಲ್ಲರೂ ಮೆಚ್ಚಿ ಅಂಕ ಕೊಟ್ಟರು. ಭಾಷಣದ ವಿಡಿಯೊವನ್ನು ಇನ್ನೂ ಎರಡು ಗುಂಪುಗಳಿಗೆ ತೋರಿಸಿದರು. ಒಟ್ಟು 55 ಮಂದಿ, ಬಹುಪಾಲು ಜನಕ್ಕೆ ಬಹಳ ಹಿಡಿಸಿತು. ಡಾಕ್ಟರ್ ಫಾಕ್ಸ್ ಬರೆದದ್ದನ್ನು ತಾನು ಮೊದಲೇ ಓದಿದ್ದೇನೆ ಎಂದವರೂ ಒಬ್ಬರಿದ್ದರು. ನಿಜ ಸಂಗತಿಯೆಂದರೆ ಆ ಡಾಕ್ಟರು ಡಾಕ್ಟರೇ ಅಲ್ಲ, ಮೈಕೆಲ್ ಫಾಕ್ಸ್ ಎಂಬ ನಟ. ವಿಷಯದ ಗಂಧಗಾಳಿ ಇರಲಿಲ್ಲ. ಹಿಂದೆ ಹೇಳಿದ್ದಕ್ಕೆ ಮುಂದೆ ಹೇಳಿದ್ದು ತಾಳೆಯಾಗದಂತೆ, ಇಲ್ಲದ ಪದಗಳನ್ನು ಹೊಸೆದು, ಏನೂ ಹೇಳದೆ ಮಾತಾಡಬೇಕೆಂದು ಅವನಿಗೆ ತರಬೇತಿ ಕೊಟ್ಟಿದ್ದರು. 1973ರಲ್ಲಿ ಈ ಪ್ರಯೋಗದ ವರದಿ ಅಚ್ಚಾಯಿತು.

ಫಾಕ್ಸ್ ಎಂದರೆ ನರಿ ಎಂದೇ ಇಟ್ಟುಕೊಳ್ಳೋಣ. ಪಂಚತಂತ್ರದ ನೀಲಿ ನರಿಯ ಕತೆ ಗೊತ್ತಲ್ಲ. ನಾಯಿಗಳಿಂದ ತಪ್ಪಿಸಿಕೊಳ್ಳಲು ಹೋಗಿ ಬಣ್ಣದ ತೊಟ್ಟಿಗೆ ಬಿದ್ದು ನೀಲಿಯಾಯಿತು. ಕಾಡಿಗೆ ಬಂದು ‘ದೇವರೇ ನನ್ನನ್ನು ರಾಜನನ್ನಾಗಿ ಕಳಿಸಿದ್ದಾನೆ’ ಎಂದಿತು. ಸಿಂಹ ಹುಲಿಗಳು ಕೈಕಟ್ಟಿ ನಿಂತವು. ಒಂದು ರಾತ್ರಿ ದೂರದಲ್ಲಿ ನರಿಗಳು ಊಳಿಟ್ಟದ್ದು ಕೇಳಿ, ತಡೆಯಲಾರದೆ ತಾನೂ ಊಳಿಟ್ಟಿತು. ಅಲ್ಲಿಗೆ ರಾಜ್ಯವೂ ಹೋಯಿತು, ಪ್ರಾಣವೂ ಹೋಯಿತು. ಆ ಕಾಲದ ಕಾಡಿನಲ್ಲಿ ಒಂದು ನ್ಯಾಯವಿತ್ತು: ಬಣ್ಣ ಎಷ್ಟು ಕಾಪಾಡಿದರೂ ಬಾಯಿ ಬಿಟ್ಟರೆ ಬಣ್ಣಗೇಡು. 1970ರ ನರಿ ಬಾಯಿ ಬಿಟ್ಟೂ ಗೆದ್ದಿತು. ನರಿ ಬದಲಾಗಿಲ್ಲ ಸ್ವಾಮಿ, ಹುಲಿ ಸಿಂಹಗಳು ಬದಲಾಗಿವೆ. ಊಳು ಕೇಳಿ ಅವು ಎದ್ದು ನಿಂತು ಚಪ್ಪಾಳೆ ತಟ್ಟುತ್ತವೆ, ಪೂರ್ಣಾಂಕ ಕೊಡುತ್ತವೆ, ‘ಹೌದು, ಈ ಊಳನ್ನು ನಾನು ಮೊದಲೇ ಓದಿದ್ದೇನೆ’ ಎನ್ನುತ್ತವೆ.

ಊಟಕ್ಕೆ ಪೂರಿ, ಸಾಗು, ತರಕಾರಿ ಪಲಾವು. ನನ್ನ ಪಕ್ಕದಲ್ಲಿ ಕೂತವಳು ಶಿರಾ ಕಡೆಯಿಂದ ಬಂದ ಹುಡುಗಿ, ಎಂ.ಕಾಂ. ಮುಗಿಸಿದವಳು. ಅವಳ ತೊಂದರೆಯೇ ಬೇರೆ. ಹೋದ ವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಕೊಡುವಾಗ ಹುಡುಗನ ಮುಖ ನೋಡಿ ‘ನಿಮ್ಮ ಸಂಬಳ ಎಷ್ಟು?’ ಎಂದು ಕೇಳಿದ್ದಕ್ಕೆ ‘ಹುಡುಗಿ ಸ್ವಲ್ಪ ಜೋರು’ ಎಂದು ಹೇಳಿ ಕಳಿಸಿದರಂತೆ. ಅದಕ್ಕೆ ಹಿಂದಿನ ವಾರ ಬ್ಯಾಂಕಿನ ಸಂದರ್ಶನದಲ್ಲಿ ಸಂಬಳದ ಮಾತು ಬಂದಾಗ ತಲೆ ತಗ್ಗಿಸಿ ಸುಮ್ಮನಿದ್ದಳು, ‘ಅಸರ್ಟಿವ್ ಅಲ್ಲ’ ಎಂದು ಬರೆದರಂತೆ. ‘ಎಲ್ಲಿ ಕತ್ತು ಎತ್ತಬೇಕು, ಎಲ್ಲಿ ತಗ್ಗಿಸಬೇಕು ಅಂತ ಯಾವ ಸ್ಲೈಡಲ್ಲೂ ಇಲ್ಲವಲ್ಲ ಅಂಕಲ್’ ಎಂದಳು. ಇಡೀ ದಿನದಲ್ಲಿ ನನ್ನ ವಯಸ್ಸನ್ನು ಸರಿಯಾಗಿ ಓದಿದವಳು ಅವಳೊಬ್ಬಳೇ.

ಅದೇ ಪ್ರಶ್ನೆಯನ್ನು ಗಂಡು ಕೇಳಿದ್ದರೆ ವ್ಯವಹಾರಜ್ಞಾನ, ಹೆಣ್ಣು ಕೇಳಿದರೆ ಬಾಯಿಬಡುಕತನ. ಗಂಡಸು ಮೇಜು ಗುದ್ದಿದರೆ ನಾಯಕತ್ವ, ಹೆಂಗಸು ಗುದ್ದಿದರೆ ‘ಮನೇಲಿ ಏನೋ ತಾಪತ್ರಯ ಇರಬೇಕು.’ ಸಾಹಿತ್ಯದ ಕಾರ್ಯಕ್ರಮಗಳಲ್ಲೇ ನೋಡಿ. ಪುರುಷ ವಿದ್ವಾಂಸರನ್ನು ಪರಿಚಯಿಸುವಾಗ ಕೃತಿಗಳ ಪಟ್ಟಿ ಓದುತ್ತಾರೆ, ವಿದುಷಿಯನ್ನು ಪರಿಚಯಿಸುವಾಗ ‘ಸದಾ ಹಸನ್ಮುಖಿ’ ಎಂದು ಶುರುಮಾಡುತ್ತಾರೆ. ಮೂವತ್ತು ವರ್ಷ ಶಾಸನ ಓದಿ ಕಣ್ಣು ಕಳೆದುಕೊಂಡ ಹೆಣ್ಣುಮಗಳಿಗೆ ಸಿಕ್ಕ ಮೊದಲ ಪದವಿ ಹಲ್ಲಿನದು.

ಇನ್ನು ನನ್ನ ಅಳಿಯನ ವಿಷಯ. ಅವನಿಗಿರುವ ಕೊರತೆ ಏನು ಎಂಬುದು ಆ ಹೊತ್ತಿಗೆ ನನಗೆ ಚೆನ್ನಾಗಿ ಅರ್ಥವಾಗಿತ್ತು. ಹೋದ ಬೇಸಿಗೆಯಲ್ಲಿ ಊರಿನ ಬಾವಿಯ ಮೋಟಾರು ಸುಟ್ಟಿತು. ಹುಡುಗ ಸ್ಟಾರ್ಟರಿನ ಮುಚ್ಚಳ ಬಿಚ್ಚಿ, ಒಂದು ಫೇಸ್ ಹೋಗಿದ್ದರೂ ರಿಲೇ ಕೆಲಸ ಮಾಡದೆ ಇದ್ದದ್ದನ್ನು ಹತ್ತೇ ನಿಮಿಷದಲ್ಲಿ ಕಂಡುಹಿಡಿದ. ‘ಕರೆಂಟು ಇತ್ತಲ್ಲೋ, ಮತ್ತೆ ಯಾಕೆ ಸುಡ್ತು?’ ಎಂದು ಅಜ್ಜಿ ಕೇಳಿದಳು. ಅವನು ಕೈಗೆ ಮೆತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತ, ‘ಅಜ್ಜಿ, ಮೂರು ಜನ ಹೊತ್ತ ಅಡ್ಡೆಯಲ್ಲಿ ಒಬ್ಬ ಹೇಳದೆ ಕೈಬಿಟ್ಟ ಅನ್ಕೋ. ಉಳಿದಿಬ್ಬರು ಅಷ್ಟೂ ಭಾರ ಹೊರಕ್ಕೆ ಹೋಗಿ ಸೊಂಟ ಮುರ್ಕೊಳ್ಳಲ್ವಾ? ಹಂಗೇ ಆಯ್ತು’ ಎಂದ. ಅಜ್ಜಿ ‘ಕೈಬಿಟ್ಟಾಗ ಕೂಗೋಕೆ ಒಬ್ಬ ಇರ್ಬೇಕಿತ್ತು’ ಎಂದಳು. ‘ಅವನೇ ಅಜ್ಜಿ ರಿಲೇ. ಅವನು ಮಲಗಿದ್ದ.’ ಮೂರು ಫೇಸಿನ ಮೋಟಾರಿನ ಬಗ್ಗೆ ಇದಕ್ಕಿಂತ ಚೆಂದದ ಉಪನ್ಯಾಸ ನಾನು ಕೇಳಿಲ್ಲ. ಅವನ ದನಿ ನಡುಗಲಿಲ್ಲ, ಕಣ್ಣು ತಪ್ಪಲಿಲ್ಲ. ಅದೇ ಹುಡುಗ ಹವಾನಿಯಂತ್ರಿತ ಕೋಣೆಯಲ್ಲಿ, ‘ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್’ ಎಂಬ ಪ್ರಶ್ನೆಗೆ ವ್ಯಾಕರಣ ಜೋಡಿಸುತ್ತ ಬೆವರುತ್ತಾನೆ. ಎದುರಿಗಿರುವವರು ಇಂಗ್ಲಿಷ್ ಸಾಲದು ಎಂದು ಬರೆಯುವುದಿಲ್ಲ. ಹಾಗೆ ಬರೆದರೆ ಕನ್ನಡ ಶಾಲೆಯ ಮಕ್ಕಳನ್ನು ಬೇಡವೆಂದಂತಾಗುತ್ತದೆ, ಅದು ಸಭ್ಯತೆಯಲ್ಲ. ‘ಕಾನ್ಫಿಡೆನ್ಸ್ ಸಾಲದು’ ಎಂದು ಬರೆಯುತ್ತಾರೆ. ಬೆಂಗಳೂರಿನಲ್ಲಿ ಆತ್ಮವಿಶ್ವಾಸ ಎಂಬುದು ಮನಸ್ಸಿನ ಗುಣವಲ್ಲ, ಒಂದು ಭಾಷೆ.

ಮಧ್ಯಾಹ್ನದ ಅಧಿವೇಶನ ಉಡುಪಿನ ಮೇಲೆ. ‘ನಿಮ್ಮ ಬಟ್ಟೆ ನಿಮಗಿಂತ ಮುಂಚೆ ಮಾತಾಡುತ್ತದೆ’ ಎಂದರು ಗುರುಗಳು. ಇದು ಮಾತ್ರ ನೂರಕ್ಕೆ ನೂರು ನಿಜ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಟಿಕೆಟ್ ಕೈಯಲ್ಲಿದ್ದ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಎಂದು ತಡೆದರು. ಅದೇ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ ಮಗನ ಜೊತೆ ಸಿನಿಮಾಕ್ಕೆ ಬಂದ ಇನ್ನೊಬ್ಬ ರೈತರನ್ನು ಪಂಚೆ ಉಟ್ಟಿದ್ದಕ್ಕೆ ಬಾಗಿಲಲ್ಲೇ ನಿಲ್ಲಿಸಿದರು. ಗದ್ದಲವಾಯಿತು. ಮೆಟ್ರೊದಲ್ಲಿ ತಡೆದವನ ಕೆಲಸ ಹೋಯಿತು, ಮಾಲಿಗೆ ಸರ್ಕಾರ ಏಳು ದಿನ ಬೀಗ ಹಾಕಿಸಿತು. ಪಂಚೆ ಬಾಯಿಬಿಟ್ಟು ಏನು ಹೇಳಿತೋ ಕಾಣೆ, ಆದರೆ ಅದೇ ಪಂಚೆ ವಿಧಾನಸೌಧದಲ್ಲಿ ಎಷ್ಟೋ ವರ್ಷ ಬಜೆಟ್ ಓದಿದೆ. 1996ರ ಆಗಸ್ಟ್ 15ರಂದು ದೇವೇಗೌಡರ ಸೊಂಟದಲ್ಲಿ ಕೆಂಪುಕೋಟೆ ಹತ್ತಿ ದೇಶಕ್ಕೇ ಭಾಷಣ ಮಾಡಿತ್ತು. ಪಂಚೆಯ ಹಿಂದೆ ಬಂದೂಕು ಹಿಡಿದ ಅಂಗರಕ್ಷಕರು ಇದ್ದರೆ ಅದು ಮಣ್ಣಿನ ಮಗನ ಸರಳತೆ, ಹಿಂದೆ ಯಾರೂ ಇಲ್ಲದಿದ್ದರೆ ಡ್ರೆಸ್ ಕೋಡ್ ಉಲ್ಲಂಘನೆ. ‘ಮುಖ ನೋಡಿ ಮಣೆ ಹಾಕು’ ಎಂದರು ನಮ್ಮ ಹಿರಿಯರು. ಈಗ ಮುಖ ನೋಡುವಷ್ಟೂ ಪುರಸೊತ್ತಿಲ್ಲ, ಮೊಣಕಾಲಿನಿಂದ ಕೆಳಗೆ ನೋಡಿ ಮಣೆ ಎಳೆದುಕೊಳ್ಳುತ್ತೇವೆ.

ಆ ಕಾವಲುಗಾರನೊಬ್ಬನನ್ನೇ ದೂರಿ ಏನು ಫಲ? ನಮ್ಮೆಲ್ಲರ ಕಣ್ಣಿನಲ್ಲೂ ಒಬ್ಬ ಕಾವಲುಗಾರ ಕೂತಿದ್ದಾನೆ. ಅಪರಿಚಿತರ ಮುಖವನ್ನು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸಿದರೂ ಸಾಕು, ಇವನು ನಂಬಿಕಸ್ಥನೋ, ಸಮರ್ಥನೋ ಎಂದು ಜನ ತೀರ್ಪು ಕೊಟ್ಟುಬಿಡುತ್ತಾರೆ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೀನ್ ವಿಲಿಸ್ ಮತ್ತು ಅಲೆಗ್ಸಾಂಡರ್ ಟೊಡೊರೊವ್ 2006ರಲ್ಲಿ ತೋರಿಸಿದರು. ನೋಡಲು ಹೆಚ್ಚು ಹೊತ್ತು ಕೊಟ್ಟಾಗ ಆದದ್ದು ಇನ್ನೂ ಸೊಗಸು. ತೀರ್ಪು ಹೆಚ್ಚುಕಡಿಮೆ ಹಾಗೇ ಉಳಿಯಿತು, ತೀರ್ಪು ಕೊಟ್ಟವರಿಗೆ ತಮ್ಮ ಮೇಲಿದ್ದ ವಿಶ್ವಾಸ ಮಾತ್ರ ಹೆಚ್ಚಾಯಿತು. ಆತ್ಮವಿಶ್ವಾಸ ಬಡವಾಗಿದೆ ಎಂದು ಯಾರು ಹೇಳಿದ್ದು? ಮಾತಾಡುವವನಲ್ಲಿ ಇಲ್ಲದಿದ್ದರೇನು, ಅಳೆಯುವವನಲ್ಲಿ ಉಕ್ಕಿ ಹರಿಯುತ್ತಿದೆ.

ಈ ಶಿಬಿರವನ್ನು ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಮುಗಿಸಿದ ಒಬ್ಬ ಅಭ್ಯರ್ಥಿಯ ಫಲಿತಾಂಶ ನಮ್ಮಲ್ಲಿದೆ. ಕಾಠಿಯಾವಾಡದಿಂದ ಕಾನೂನು ಓದಲು ಲಂಡನ್ನಿಗೆ ಹೋದ ಹುಡುಗ. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಸುರಿದು ಸೂಟು ಹೊಲಿಸಿದ, ಎತ್ತರದ ರೇಷ್ಮೆ ಟೊಪ್ಪಿಗೆ ಕೊಂಡ, ಕನ್ನಡಿಯ ಮುಂದೆ ಟೈ ಕಟ್ಟಲು ಕಲಿತ, ನೃತ್ಯಕ್ಕೆ ಸೇರಿದ, ಪಿಟೀಲು ಹಿಡಿದ. ಮುಖ್ಯವಾಗಿ, ದುಡ್ಡು ಕೊಟ್ಟು ಭಾಷಣಕಲೆಯ ಪಾಠ ಹೇಳಿಸಿಕೊಂಡ. 1891ರಲ್ಲಿ ಬ್ಯಾರಿಸ್ಟರನಾಗಿ ಮರಳಿ, ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೂವತ್ತು ರೂಪಾಯಿ ಶುಲ್ಕದ ಮೊದಲ ಕೇಸಿಗೆ ಪಾಟೀಸವಾಲು ಮಾಡಲು ಎದ್ದು ನಿಂತ. ತಲೆ ತಿರುಗಿತು, ಕೋರ್ಟೇ ತಿರುಗಿದಂತಾಯಿತು. ಒಂದು ಪ್ರಶ್ನೆಯೂ ಬಾಯಿಂದ ಹೊರಡದೆ ಕೂತುಬಿಟ್ಟ. ಹಣ ಹಿಂದಿರುಗಿಸಿ ಹೊರಟುಹೋದ. ಸೂಟು, ಟೈ, ಪಾಠ ಎಲ್ಲ ಇದ್ದವು, ಮಾತೊಂದು ಇರಲಿಲ್ಲ. ಮುಂದೆ ಒಂದೊಂದೇ ಬಟ್ಟೆ ಕಳಚುತ್ತ ಹೋಗಿ, 1921ರಲ್ಲಿ ಮಧುರೆಯಲ್ಲಿ ತುಂಡು ಪಂಚೆಗೆ ಬಂದು ನಿಂತ. ಅಷ್ಟೊತ್ತಿಗೆ ಅವನ ಏರಿಳಿತವಿಲ್ಲದ ಮೆಲುದನಿ ಕೇಳಲು ದೇಶವೇ ಉಸಿರು ಬಿಗಿಹಿಡಿದಿತ್ತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷನಾದ. ಗಾಂಧಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು. ನಮ್ಮ ಗುರುಗಳ ಮೌಲ್ಯಮಾಪನದ ಹಾಳೆಯಲ್ಲಿ ಅವರ ಅಂಕ ಊಹಿಸಿ: ದನಿ, ನೂರಕ್ಕೆ ಹತ್ತು. ಹಸ್ತಚಲನೆ, ಸೊನ್ನೆ, ನೂಲುವಾಗ ಬಿಟ್ಟು. ಉಡುಪು, ಅಪೂರ್ಣ. ಷರಾ: ‘ಗೇಟಿನಲ್ಲೇ ವಾಪಸು ಕಳಿಸಲಾಗಿದೆ.’

ಹಾಗೆಂದು ನಮ್ಮ ಕನ್ನಡ ವೇದಿಕೆಗಳಿಗೆ ಬ್ಲೇಜರಿನ ಹಂಗಿಲ್ಲ ಎಂದು ಬೀಗುವುದು ಬೇಡ. ನಮ್ಮ ನೀಲಿ ಬಣ್ಣ ಬೇರೆ ತೊಟ್ಟಿಯದು. ಇಲ್ಲಿ ಆತ್ಮವಿಶ್ವಾಸ ‘ನಾನೇನೂ ಭಾಷಣಕಾರನಲ್ಲ’ ಎಂದು ವಿನಯದ ಶಾಲು ಹೊದ್ದು ಬರುತ್ತದೆ, ‘ಸಮಯದ ಅಭಾವವಿರುವುದರಿಂದ ಎರಡೇ ಮಾತು’ ಎನ್ನುತ್ತದೆ, ಐವತ್ತು ನಿಮಿಷ ಕೂರುವುದಿಲ್ಲ. ಗಾದೆಯೆಲ್ಲ ಸರ್ವಜ್ಞನ ಲೆಕ್ಕಕ್ಕೆ, ಉಳಿದ ಬುದ್ಧಿಮಾತೆಲ್ಲ ಅಬ್ದುಲ್ ಕಲಾಂ ಖಾತೆಗೆ ಜಮಾ. ಯಾರು ಹೇಳಿದ್ದೆಂದು ನೋಡುವ ಗೋಜು ಯಾರಿಗೆ? ದನಿ ಎತ್ತರಿಸಿದರೆ ಆಕರ ಬೇಕಿಲ್ಲ, ಚಪ್ಪಾಳೆ ಬಂದರೆ ಅದೇ ಆಕರ. ಕೆಳಗೆ ಕೂತ ಮೇಷ್ಟರಿಗೆ ತಪ್ಪೆಂದು ಗೊತ್ತಿರುತ್ತದೆ. ಅವರು ವಂದನಾರ್ಪಣೆಗೆ ಎದ್ದು, ಕೈಯಲ್ಲಿ ಹಾಳೆ ನಡುಗಿಸುತ್ತ, ‘ಅರ್ಥಪೂರ್ಣ ಮಾತುಗಳನ್ನಾಡಿದ’ ಎಂದೇ ಓದುತ್ತಾರೆ. ಇಡೀ ಸಭೆಯಲ್ಲಿ ವಿಷಯ ಬಲ್ಲವರು ಅವರೊಬ್ಬರೇ, ಕೈ ನಡುಗುತ್ತಿದ್ದದ್ದೂ ಅವರದೊಂದೇ.

ಇದಕ್ಕೆ ಮದ್ದು ಎಲ್ಲಿದೆ ಎಂದರೆ ನಮ್ಮ ಕರಾವಳಿ ಮಲೆನಾಡಿನಲ್ಲೇ ಇದೆ. ತಾಳಮದ್ದಲೆ ನೋಡಿದವರಿಗೆ ಹೇಳಬೇಕಿಲ್ಲ. ಯಕ್ಷಗಾನದ ಕಿರೀಟ, ಬಣ್ಣ, ಗೆಜ್ಜೆ, ಕುಣಿತ ಎಲ್ಲವನ್ನೂ ಕಿತ್ತುಹಾಕಿದ ಮೇಲೆ ಉಳಿಯುವ ಆಟ ಅದು. ಭಾಗವತರ ಪದ್ಯ, ಮದ್ದಲೆ, ಆಮೇಲೆ ಬರೀ ಮಾತು. ಪಂಚೆ ಉಟ್ಟು, ಶಲ್ಯ ಹೊದ್ದು, ಎಲೆಯಡಿಕೆ ಜಗಿಯುತ್ತ ಕೂತಿದ್ದ ಬಿಳಿಮೀಸೆಯ ಅಜ್ಜನೊಬ್ಬ ‘ನಾನು ಶೂರ್ಪನಖಿ’ ಎನ್ನುತ್ತಾನೆ. ಮೊದಲ ನೋಟಕ್ಕೆ ನಗು ಬರುತ್ತದೆ. ಹತ್ತು ನಿಮಿಷ ಕಳೆಯಲಿ, ಮೀಸೆ ಮಾಯವಾಗಿ ಮೂಗು ಕೊಯ್ಯಿಸಿಕೊಂಡ ಹೆಣ್ಣಿನ ಅವಮಾನ ಎದುರಿಗೆ ಕೂತಿರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕೂತಲ್ಲೇ ಕೂತು ರಾವಣನನ್ನು ಕಟ್ಟಿ ನಿಲ್ಲಿಸುತ್ತಿದ್ದರು. ಅಲ್ಲಿ ಬಾಯಿಪಾಠದ ಧೈರ್ಯ ನಡೆಯುವುದಿಲ್ಲ. ‘ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಕ್ಷತ್ರಿಯ ಧರ್ಮ?’ ಎಂದು ವಾಲಿ ಎದುರಿನಿಂದ ಕೇಳಿದಾಗ ರಾಮನ ಪಾತ್ರಧಾರಿ ಸೊಂಟದ ಮೇಲೆ ಕೈಯಿಟ್ಟರೆ ಉತ್ತರ ಹುಟ್ಟುವುದಿಲ್ಲ. ಅವನು ಓದಿರಬೇಕು. ಅದಕ್ಕಿಂತ ಮುಖ್ಯ, ಕೆಳಗೆ ಚಾಪೆಯ ಮೇಲೆ ಕೂತವರೂ ಓದಿದ್ದಾರೆ, ಕೇಳಿ ಕೇಳಿ ಕಿವಿ ಪಳಗಿಸಿಕೊಂಡಿದ್ದಾರೆ. ಅರ್ಥಧಾರಿ ಎಲ್ಲಿ ಜಾರಿದ ಎಂಬುದು ಬೆಳಗ್ಗೆ ಹೋಟೆಲಿನ ಅವಲಕ್ಕಿ ಮೊಸರಿನ ಮುಂದೆ ತೀರ್ಮಾನವಾಗುತ್ತದೆ. ಆ ಹಳ್ಳಿಗಳಲ್ಲಿ ಡಾಕ್ಟರ್ ಫಾಕ್ಸ್ ಮೊದಲ ಪದ್ಯ ದಾಟುವುದಿಲ್ಲ. ನಮ್ಮ ಅಜ್ಜಿಯಂತೆ ಯಾರಾದರೊಬ್ಬರು ‘ಕರೆಂಟು ಇತ್ತಲ್ಲೋ, ಮತ್ತೆ ಯಾಕೆ ಸುಡ್ತು?’ ಎಂದು ಕೇಳಿಬಿಡುತ್ತಾರೆ.

ನೀಲಿ ಬಣ್ಣ ಬರುವುದು ತೊಟ್ಟಿಯಿಂದಲ್ಲ, ಕೇಳದೆ ಕೂತ ನಮ್ಮಿಂದ ಎಂದು ನನಗೆ ಹೊಳೆದದ್ದು ಸಂಜೆ ಐದರ ಸುಮಾರಿಗೆ. ಎದ್ದು ನಿಂತು ಒಂದು ಪ್ರಶ್ನೆ ಕೇಳೋಣ ಎಂದುಕೊಂಡೆ. ಆ 55, 38, 7ರ ಲೆಕ್ಕದ ಬಗ್ಗೆಯೇ ಕೇಳಬಹುದಿತ್ತು. ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಗುರುಗಳು ಎರಡೂ ತೋಳು ಚಾಚಿ ‘ಯು ಆರ್ ಅನ್‌ಸ್ಟಾಪಬಲ್’ ಎಂದರು. ಮುಂದಿನ ಸಾಲು ಎದ್ದಿತು, ಹಿಂದಿನ ಸಾಲು ಎದ್ದಿತು, ಚಪ್ಪಾಳೆ ಗೋಡೆಯಿಂದ ಗೋಡೆಗೆ ಬಡಿಯಿತು. ನಾನೂ ಎದ್ದಿದ್ದೆ, ಪ್ರಶ್ನೆಗೆಂದೇ. ಸುತ್ತ ನೂರು ಜನ ಊಳಿಡುವಾಗ ಎದ್ದು ನಿಂತವನು ಮತ್ತೇನು ಮಾಡಬಲ್ಲ? ನನ್ನ ಕೈಗಳು ತಾವಾಗಿ ಒಂದಕ್ಕೊಂದು ಬಡಿದುಕೊಂಡವು. ಅಭಿಪ್ರಾಯದ ಹಾಳೆ ಹಂಚಿದರು. ಪಕ್ಕದಲ್ಲೇ ಪೆನ್ನು ಹಿಡಿದು ಸ್ವಯಂಸೇವಕನೊಬ್ಬ ನಗುತ್ತ ನಿಂತಿದ್ದ. ಹತ್ತು ಪ್ರಶ್ನೆಗೂ ಐದಕ್ಕೈದು ಕೊಟ್ಟೆ. ‘ವಿಷಯ ಸ್ಪಷ್ಟವಾಗಿತ್ತೇ?’ ಎಂಬುದಕ್ಕೂ.

ಪ್ರಮಾಣಪತ್ರ ಹಿಡಿದು ಅಕ್ಕನ ಮನೆಗೆ ಹೋದೆ. ಹುಡುಗ ಸಂದರ್ಶನ ಮುಗಿಸಿ ಬಂದು, ಟೈ ಸಡಿಲಿಸಿ, ಗೋಡೆಗೊರಗಿ ಕೂತಿದ್ದ. ಷರಾ ಏನೆಂದು ಕೇಳುವ ಅಗತ್ಯ ಬೀಳಲಿಲ್ಲ. ಪತ್ರ ಕೊಟ್ಟೆ. ದಪ್ಪ ಕಾಗದ, ಚಿನ್ನದ ಅಂಚು, ಇಷ್ಟು ಗಂಟೆಗಳ ಆತ್ಮವಿಶ್ವಾಸದ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದ್ದಾರೆ ಎಂಬ ಒಕ್ಕಣೆ, ನಡುವೆ ಅವನದೇ ಹೆಸರು. ಬೆಳಗ್ಗೆ ಆ ಹೆಸರು ಹಿಡಿದು ಯಾರೋ ಬೇಡವೆಂದಿದ್ದರು, ಸಂಜೆ ಅದೇ ಹೆಸರಿಗೆ ಯಾರೋ ಮುದ್ರೆ ಒತ್ತಿದ್ದರು. ಇಬ್ಬರೂ ಅವನನ್ನು ನೋಡಿರಲಿಲ್ಲ.

‘ಹೇಗಿತ್ತು ಮಾವ?’ ಎಂದ.

ಕಣ್ಣಲ್ಲಿ ಕಣ್ಣಿಟ್ಟು, ಬೆನ್ನು ನೆಟ್ಟಗೆ ಮಾಡಿ, ದನಿಯನ್ನು ಒಂದು ಮೆಟ್ಟಿಲು ಇಳಿಸಿ, ‘ತುಂಬ ಚೆನ್ನಾಗಿತ್ತು’ ಎಂದೆ.

ನಂಬಿದ. ಶೇಕಡಾ 93ರಷ್ಟಾದರೂ.